ತೆರಪಿ ತಾಲ್ಲೂಕಿಗೆ ಬರಬೇಕು

(ಅರಸೀಕೆರೆಯಲ್ಲಿ ತಾಯಿತಂದೆಗಳು, ಉಪಾಧ್ಯಾಯರು ಹಾಗೂ ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಭೆಗೆ ಬೇಲೂರಿನಿಂದ, ಹಳೇಬೀಡಿನಿಂದ ಬಂದವರಿದ್ದೀರಿ. ಕೊಬ್ಬರಿ ಮಂಡಿಯ ಕೆಲಸ ಬಿಟ್ಟು ಬಂದವರಿದ್ದೀರಿ. ಕಾಫಿ ತೋಟದ ಒಂದು ದಿನದ ಕೂಲಿ ಬಿಟ್ಟು ಬಂದವರಿದ್ದೀರಿ. ಕೆಲವರು ಮಕ್ಕಳನ್ನು ಜೊತೆಗೇ ಕರೆತಂದಿದ್ದೀರಿ. ಆ ಮಕ್ಕಳು ಓಡಾಡಲಿ, ಕೂಗಲಿ. ಅದಕ್ಕಾಗಿ ಯಾವ ತಾಯಿಯೂ ಎದ್ದು ಹೊರಗೆ ಹೋಗಬೇಕಾಗಿಲ್ಲ. ಅವರ ವಿಷಯ ಮಾತನಾಡುವುದಕ್ಕಾಗಿಯೇ ನಾವು ಸೇರಿದ್ದೇವೆ.

ನಮ್ಮ ಊರುಗಳಲ್ಲಿ ಇಂಥ ಮಕ್ಕಳಿಗೆ ಇಟ್ಟಿರುವ ಹೆಸರುಗಳು ಬಹಳ. ಪೆದ್ದ, ಮೊಂಡ, ಅರೆಹುಚ್ಚ, ಗ್ರಹ ಬಡಿದವನು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಈ ಎಲ್ಲ ಹೆಸರುಗಳನ್ನೂ ನಾವು ಕೇಳಿದ್ದೇವೆ. ಹೆಸರಿಡುವುದು ಸುಲಭ. ಆ ಮಗು ಯಾಕೆ ಹಾಗೆ ನಡೆದುಕೊಳ್ಳುತ್ತದೆ ಎಂದು ತಿಳಿಯುವುದಕ್ಕೆ ತಾಳ್ಮೆ ಬೇಕು. ಆದುದರಿಂದ ಮೊದಲು ವಿಷಯವನ್ನು ತಿಳಿಯೋಣ.

ಒಂದು ಮಗುವಿಗೆ ಮೂರು ವರ್ಷ ತುಂಬಿದರೂ ಮಾತು ಬಂದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಬೆರಳು ತೋರಿಸಿ ಬೇಕಾದುದನ್ನು ಕೇಳುವುದಿಲ್ಲ. ಗಾಡಿಯ ಚಕ್ರವೊಂದನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕೂರುತ್ತದೆ. ಬಸ್ಸಿನ ಹಾರನ್ ಕೇಳಿದರೆ ಕಿವಿ ಮುಚ್ಚಿಕೊಂಡು ಚೀರುತ್ತದೆ. ಇದು ಆಟಿಸಂ ಇರಬಹುದು. ಸ್ವಲೀನತೆ ಎಂದೂ ಕರೆಯುತ್ತಾರೆ. ಇನ್ನೊಂದು ಮಗು ಬುದ್ಧಿವಂತ, ಆದರೆ ಹತ್ತು ನಿಮಿಷ ಒಂದು ಕಡೆ ಕೂರಲಾರದು, ಹಿಡಿದ ಕೆಲಸ ಮುಗಿಸಲಾರದು. ಇದು ಎಡಿಎಚ್‌ಡಿ. ಮತ್ತೊಂದು ಮಗು ಬಾಯಿಲೆಕ್ಕದಲ್ಲಿ ಅಂಗಡಿಯವನನ್ನೂ ಮೀರಿಸುತ್ತದೆ, ಆದರೆ ಪುಸ್ತಕ ತೆರೆದರೆ ಅಕ್ಷರ ಕೂಡುವುದಿಲ್ಲ. ಇದು ಡಿಸ್ಲೆಕ್ಸಿಯಾ, ಕಲಿಕೆಯ ನ್ಯೂನತೆಗಳಲ್ಲಿ ಒಂದು. ನಾಲ್ಕನೆಯದು ಬೌದ್ಧಿಕ ವೈಕಲ್ಯ. ಎಲ್ಲವನ್ನೂ ನಿಧಾನವಾಗಿ ಕಲಿಯುವ ಮಗು. ಒಂದೇ ಮಗುವಿನಲ್ಲಿ ಇವುಗಳಲ್ಲಿ ಎರಡು ಸೇರಿರುವುದೂ ಉಂಟು.

ಇದೇನು ಎಲ್ಲೋ ಒಂದೆರಡು ಮನೆಯ ಸಂಗತಿಯಲ್ಲ. ದೇಶದ 5 ಸ್ಥಳಗಳಲ್ಲಿ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿ ನಡೆಸಿದ ಒಂದು ದೊಡ್ಡ ಸಮೀಕ್ಷೆ 2018ರಲ್ಲಿ ಪ್ರಕಟವಾಯಿತು. ಕಿವಿ, ಕಣ್ಣು, ಮೂರ್ಛೆ ಇವುಗಳನ್ನೂ ಸೇರಿಸಿ, ಮಿದುಳು ಮತ್ತು ನರಗಳ ಬೆಳವಣಿಗೆಗೆ ಸಂಬಂಧಿಸಿದ ತೊಂದರೆಗಳಲ್ಲಿ ಒಂದಾದರೂ ಇರುವ ಮಕ್ಕಳು ನೂರಕ್ಕೆ ಸುಮಾರು 12 ಎಂದು ಅದರಲ್ಲಿ ಕಂಡುಬಂತು. ನಿಮ್ಮ ಊರಿನ ಅಂಗನವಾಡಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸಿ, ನೀವೇ ಲೆಕ್ಕ ಹಾಕಿ.

ಈಗ ತಾಯಂದಿರಿಗೆ ಒಂದು ಮಾತು. ಇದು ನಿಮ್ಮ ತಪ್ಪಿನಿಂದ ಆದುದಲ್ಲ. ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದ್ದರಿಂದಲ್ಲ, ಮಗುವನ್ನು ಬಿಟ್ಟು ಕೂಲಿಗೆ ಹೋದುದರಿಂದಲ್ಲ. ತಾಯಿಯ ಮೇಲೆ ತಪ್ಪು ಹೊರಿಸುವ ಚಾಳಿ ನಮ್ಮ ಅತ್ತೆಮಾವಂದಿರಿಗೆ ಮಾತ್ರ ಇದ್ದುದಲ್ಲ. ದೊಡ್ಡ ದೊಡ್ಡ ವಿದ್ವಾಂಸರಿಗೂ ಇತ್ತು. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಆಟಿಸಂ ಇರುವ ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಆಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, ಪ್ರೀತಿಯಿಲ್ಲದ ತಾಯಿಯೇ ಇದಕ್ಕೆ ಕಾರಣವೆಂಬ ವಾದ ಪಾಶ್ಚಾತ್ಯ ದೇಶಗಳಲ್ಲಿ ಮೆರೆಯಿತು. ಬ್ರೂನೋ ಬೆಟಲ್‌ಹೈಮ್ ಎಂಬುವರು 1967ರಲ್ಲಿ ಅದನ್ನೇ ಪುಸ್ತಕ ಮಾಡಿ ಹೆಸರು ಗಳಿಸಿದರು. ಆ ವಾದಕ್ಕೆ ಮೊದಲು ಬಲವಾದ ಉತ್ತರ ಕೊಟ್ಟವರು ಒಬ್ಬ ತಂದೆ. ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು, ತಮ್ಮ ಮಗನಿಗೇ ಆಟಿಸಂ ಇದ್ದವರು, ಇದು ದೇಹದ ರಚನೆಗೆ ಸಂಬಂಧಿಸಿದ್ದು, ತಾಯಿಯ ನಡತೆಗಲ್ಲ ಎಂದು 1964ರಲ್ಲಿಯೇ ಬರೆದಿದ್ದರು. 1977ರಲ್ಲಿ ಅವಳಿ ಮಕ್ಕಳ ಅಧ್ಯಯನವೊಂದು ಇದರಲ್ಲಿ ಹುಟ್ಟುಗುಣದ ಪಾಲು ದೊಡ್ಡದೆಂದು ತೋರಿಸಿತು. ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಬಂದ ಲೇಖನವನ್ನು ಅದನ್ನು ಅಚ್ಚುಮಾಡಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದುದರಿಂದ ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ, ತಾಯಂದಿರನ್ನು ಬೈಯಬೇಡಿ.

1990ರ ದಶಕದಿಂದ ಇನ್ನೊಂದು ಮಾತು ಬಳಕೆಗೆ ಬಂದಿದೆ: ನರವೈವಿಧ್ಯ. ಎಲ್ಲರ ಮಿದುಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ, ಬೇರೆ ಬಗೆಯಲ್ಲಿ ನಡೆಯುವ ಮನಸ್ಸೂ ಮನುಷ್ಯನ ಮನಸ್ಸೇ ಎಂದು ಅದರ ಅರ್ಥ. ಬೇಲೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆನ್ನಕೇಶವನ ನವರಂಗದಲ್ಲಿ 48 ಕಂಬಗಳಿವೆ. ನಡುವಿನ ನಾಲ್ಕನ್ನು ಬಿಟ್ಟರೆ ಒಂದರಂತೆ ಇನ್ನೊಂದಿಲ್ಲ. ಮೇಲಿನ ಚಾವಣಿಯನ್ನು ಹೊತ್ತಿರುವುದು ಎಲ್ಲವೂ ಸೇರಿಯೇ. 2023ರಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಕಲ್ಲಿಗೆ ಕೊಡುವ ಗಮನದಲ್ಲಿ ಕಾಲುಭಾಗವನ್ನು ಗುಡಿಯ ಹಿಂದಿನ ಬೀದಿಯ ಮಗುವಿಗೂ ಕೊಡಿ ಎಂದರೆ ಅದು ಅತಿಯಾಸೆಯಲ್ಲ.

ಆದರೆ ವೈವಿಧ್ಯ ಎಂದು ಹೇಳಿ ಕೈತೊಳೆದುಕೊಂಡರೆ ಆಗದು. ಮಾತಿಲ್ಲದ ಮಗುವಿಗೆ ಹೊಟ್ಟೆನೋವು ಬಂದರೆ ಹೇಳಲು ಬಾರದು. ರಸ್ತೆಯ ಭಯವಿಲ್ಲದ ಮಗು ಲಾರಿಗೆ ಅಡ್ಡ ಓಡುತ್ತದೆ. ರಾತ್ರಿ ನಿದ್ರೆ ಮಾಡದ ಮಗುವನ್ನು ಕಾಯುತ್ತ ತಾಯಿ ಸೊರಗುತ್ತಾಳೆ. ಈ ಕಷ್ಟ ನಿಜವಾದುದು. ಇಲ್ಲಿಯೇ ಚಿಕಿತ್ಸಕರ ಕೆಲಸ ಬರುತ್ತದೆ. ತೆರಪಿಸ್ಟ್ ಎಂದು ನೀವೆಲ್ಲ ಕೇಳಿರುವ ಹೆಸರು ಅವರದೇ.

ತೆರಪಿಸ್ಟ್ ಎಂದರೆ ಸೂಜಿಮದ್ದು ಕೊಡುವವರಲ್ಲ. ಆಟಿಸಂ ಅನ್ನು ಹೋಗಲಾಡಿಸುವ ಗುಳಿಗೆ ಇಲ್ಲ, ಬೇಕಾಗಿಯೂ ಇಲ್ಲ. ಅವರು ಕಲಿಸುವವರು. ವಾಕ್ ಚಿಕಿತ್ಸಕರು ಮಾತಿನ ದಾರಿ ಹುಡುಕುತ್ತಾರೆ. ಆಕ್ಯುಪೇಷನಲ್ ತೆರಪಿಸ್ಟ್ ಗುಂಡಿ ಹಾಕುವುದು, ಅನ್ನ ಕಲಸುವುದು, ಸದ್ದು ಬೆಳಕುಗಳನ್ನು ತಾಳಿಕೊಳ್ಳುವುದು ಇವುಗಳನ್ನು ಅಭ್ಯಾಸ ಮಾಡಿಸುತ್ತಾರೆ. ಮನಶ್ಶಾಸ್ತ್ರಜ್ಞರು ಅಳೆದು ನೋಡಿ ಸಲಹೆ ಹೇಳುತ್ತಾರೆ. ವಿಶೇಷ ಶಿಕ್ಷಕರು ಓದುಬರಹಕ್ಕೆ ಬೇರೆ ಮೆಟ್ಟಿಲು ಕಟ್ಟುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಮಗುವಿಗೆ ಬಾಯಾರಿಕೆ. ಕೇಳಲು ಮಾತಿಲ್ಲ. ತನ್ನ ಕೈಯನ್ನೇ ಕಚ್ಚಿಕೊಂಡು ಅಳುತ್ತದೆ. ಮೊಂಡುತನವೆಂದು ತಂದೆ ಹೊಡೆಯುತ್ತಾನೆ. ವಾಕ್ ಚಿಕಿತ್ಸಕರು ಏನು ಮಾಡುತ್ತಾರೆ? ಒಂದು ರಟ್ಟಿನ ಮೇಲೆ ನೀರಿನ ಲೋಟದ ಚಿತ್ರ ಅಂಟಿಸುತ್ತಾರೆ. ಮಗು ಆ ಚಿತ್ರವನ್ನು ಕೊಟ್ಟೊಡನೆ ನೀರು ಕೊಡಬೇಕು, ‘ನೀರು’ ಎಂದು ಹೇಳಬೇಕು. ಹೀಗೆ ನೂರು ಸಲ. ಒಂದು ದಿನ ಮಗು ಕೈ ಕಚ್ಚಿಕೊಳ್ಳುವ ಬದಲು ಚಿತ್ರ ತಂದುಕೊಡುತ್ತದೆ. ಚಿತ್ರ ತೋರಿಸಿದರೆ ಮಗು ಮಾತೇ ಕಲಿಯುವುದಿಲ್ಲವೆಂದು ಹಲವರು ಹೆದರುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ. ಮಾತು ಬರುವ ಮಗುವಿಗೆ ಅದು ಊರುಗೋಲು. ಬಾರದ ಮಗುವಿಗೆ ಅದೇ ಮಾತು.

ಈಗ ಒಂದು ಲೆಕ್ಕ. ವಾರಕ್ಕೆ 168 ಗಂಟೆ. ತೆರಪಿಸ್ಟರ ಮುಂದೆ ಮಗು ಕೂರುವುದು ಒಂದೋ ಎರಡೋ ಗಂಟೆ. ಉಳಿದುದೆಲ್ಲ ಮನೆಯಲ್ಲಿ, ಅಂಗನವಾಡಿಯಲ್ಲಿ, ಶಾಲೆಯಲ್ಲಿ. ಆ ಚಿತ್ರಕ್ಕೆ ಅಜ್ಜಿ ಬೆಲೆ ಕೊಡದಿದ್ದರೆ, ಉಪಾಧ್ಯಾಯರು ಅದನ್ನು ಕಿತ್ತಿಟ್ಟರೆ, ತೆರಪಿಸ್ಟರ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಆದುದರಿಂದ ಒಳ್ಳೆಯ ತೆರಪಿಸ್ಟ್ ಮಗುವಿನ ಜೊತೆಗೆ ಮನೆಯವರಿಗೂ ಕಲಿಸುತ್ತಾರೆ. ರಥೋತ್ಸವದ ನೂಕುನುಗ್ಗಲಿಗೆ ಮಗುವನ್ನು ಒಯ್ಯಬೇಡಿ, ಮುಂಜಾನೆ ಜನವಿಲ್ಲದಾಗ ತೇರು ತೋರಿಸಿ ಎನ್ನುತ್ತಾರೆ. ನಾಳೆ ಏನಾಗುತ್ತದೆಂದು ಇಂದೇ ಚಿತ್ರದಲ್ಲಿ ತೋರಿಸಿ ಎನ್ನುತ್ತಾರೆ. ತಾಯಿ ಸರಿಯಾಗಿ ಮಲಗಿ ಎಷ್ಟು ದಿನವಾಯಿತು, ಅಕ್ಕನೋ ಅಣ್ಣನೋ ಮೂಲೆಗುಂಪಾಗಿಲ್ಲವಷ್ಟೇ ಎಂದು ವಿಚಾರಿಸುತ್ತಾರೆ. ಇದೂ ಅವರ ಕೆಲಸದ ಭಾಗವೇ.

ಕನ್ನಡನಾಡಿನಲ್ಲಿ ಈ ವಿದ್ಯೆ ಹೊಸದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಆರಂಭವಾದುದು 1960ರ ದಶಕದ ನಡುವಿನಲ್ಲಿ. ಅಲ್ಲಿ ಕಲಿತವರು ಇಂದು ದೇಶವಿದೇಶಗಳಲ್ಲಿದ್ದಾರೆ. ಆ ಸಂಸ್ಥೆಯಲ್ಲಿ ಪಾಠ ಹೇಳಿದ, ಕನ್ನಡ ಮಾತನಾಡುವವರ ಭಾಷೆಯನ್ನು ಅಳೆಯಲು ಕನ್ನಡದಲ್ಲಿಯೇ ಪರೀಕ್ಷೆ ರೂಪಿಸಿದ ಡಾ. ಪ್ರತಿಭಾ ಕಾರಂತ್ ಅವರು 2000ದಲ್ಲಿ ಬೆಂಗಳೂರಿನಲ್ಲಿ ಕಾಮ್‌ಡಿಯಾಲ್ ಎಂಬ ಕ್ರಮವನ್ನು ಪ್ರಾರಂಭಿಸಿದರು. ಶಾಲೆಗೆ ಸೇರುವ ಮೊದಲೇ ಮಕ್ಕಳನ್ನು ಸಣ್ಣ ಗುಂಪಾಗಿ ಕೂರಿಸಿ, ವಾಕ್ ಚಿಕಿತ್ಸಕರು, ಆಕ್ಯುಪೇಷನಲ್ ತೆರಪಿಸ್ಟರು, ವಿಶೇಷ ಶಿಕ್ಷಕರು ಒಂದು ತಂಡವಾಗಿ ದಿನವೂ ಕಲಿಸುವ ಕ್ರಮ ಅದು. ಎಲ್ಲರೊಡನೆ ಸಾಮಾನ್ಯ ಶಾಲೆಗೆ ಹೋಗುವಂತೆ ಮಾಡುವುದೇ ಅದರ ಗುರಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಕೂಡ ಇದೆ.

ಹಾಗಾದರೆ ಕೊರತೆ ಏನು? ಕೊರತೆ ದೂರದ್ದು. ಅರಸೀಕೆರೆಯಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 165 ಕಿಲೋಮೀಟರ್. ಬೇಲೂರಿನಿಂದ ಸುಮಾರು 150. ಜಿಲ್ಲಾ ಕೇಂದ್ರವಾದ ಹಾಸನವೇ ಅರಸೀಕೆರೆಗೂ ಬೇಲೂರಿಗೂ ಹೆಚ್ಚುಕಡಮೆ 40 ಕಿಲೋಮೀಟರ್. 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲವೆಂಬುದು ದೊಡ್ಡ ಅನುಕೂಲವೇ ಸರಿ. ಆದರೆ ಹೋದ ದಿನದ ಕೂಲಿಯನ್ನು ಯಾವ ಬಸ್ಸೂ ಹಿಂದಿರುಗಿಸುವುದಿಲ್ಲ. ಹಾರನ್ ಸದ್ದಿಗೆ ಬೆದರುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ಹೋಗುವ ತಾಯಿ ಮೊದಲ ತಿಂಗಳು ನಾಲ್ಕು ಸಲ ಹೋಗುತ್ತಾಳೆ, ಎರಡನೆಯ ತಿಂಗಳು ಎರಡು ಸಲ, ಮೂರನೆಯ ತಿಂಗಳು ನಿಲ್ಲಿಸುತ್ತಾಳೆ. ಆಮೇಲೆ ನಾವು ‘ತಾಯಿಗೆ ಶ್ರದ್ಧೆ ಸಾಲದು’ ಎನ್ನುತ್ತೇವೆ! ಬೆಂಗಳೂರಿನಲ್ಲಿ ಹಣವಿದ್ದವರು ಮನೆಬಾಗಿಲಿಗೆ ತೆರಪಿಸ್ಟರನ್ನು ಕರೆಸಿಕೊಳ್ಳಬಲ್ಲರು. ಬೆಳೆಯುವ ಮಿದುಳಿಗೆ ಮೊದಲ ಐದಾರು ವರ್ಷಗಳು ಬಹಳ ಅಮೂಲ್ಯವೆಂದು ವೈದ್ಯರೆಲ್ಲ ಹೇಳುತ್ತಾರೆ. ಆ ವರ್ಷಗಳು ಉಳ್ಳವರ ಮನೆಯಲ್ಲಿ ಕಲಿಕೆಯಲ್ಲಿ ಕಳೆಯುತ್ತವೆ. ನಮ್ಮವರ ಮನೆಯಲ್ಲಿ ಕಾಯುವುದರಲ್ಲಿ ಕಳೆಯುತ್ತವೆ.

ಸಂಸ್ಥೆಯೇ ಹಳ್ಳಿಗೆ ಬರಲಾರದೆ? ಬಂದಿದೆ. ಮೈಸೂರು–ಅರಸೀಕೆರೆ ರೈಲು ದಾರಿಯಲ್ಲಿಯೇ ಅಕ್ಕಿಹೆಬ್ಬಾಳು ಇದೆ, ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕು. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೈಸೂರಿನ ಸಂಸ್ಥೆ ತನ್ನ ಸೇವಾ ಕೇಂದ್ರವನ್ನು ತೆರೆಯಿತು. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿಯೂ ತೆರೆಯಿತು. ಅಲ್ಲಿ ಸಾಧ್ಯವಾದುದು ಅದೇ ರೈಲು ದಾರಿಯ ಕೊನೆಯಲ್ಲಿರುವ ಅರಸೀಕೆರೆಯಲ್ಲಿ ಏಕೆ ಸಾಧ್ಯವಾಗಬಾರದು?

ಅಷ್ಟು ತೆರಪಿಸ್ಟರು ಎಲ್ಲಿಂದ ಬರಬೇಕೆಂದು ಅಧಿಕಾರಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ನೆರೆಯ ಗೋವಾದಲ್ಲಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಕುಟುಂಬಗಳೊಡನೆ ನಡೆಸಿದ ಪ್ರಯೋಗದ ಫಲ 2016ರಲ್ಲಿ ಪ್ರಕಟವಾಯಿತು. ಕೆಲಸ ಮಾಡಿದವರು ತಜ್ಞರಲ್ಲ. ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತರು. ಎರಡು ವಾರಕ್ಕೊಮ್ಮೆಯಂತೆ ಆರು ತಿಂಗಳಲ್ಲಿ 12 ಭೇಟಿ. ತಾಯಿ ಮಗುವಿನೊಡನೆ ಆಡುವುದನ್ನು ವಿಡಿಯೋದಲ್ಲಿ ಹಿಡಿದು, ಆಮೇಲೆ ತಾಯಿಯ ಜೊತೆ ಕೂತು ನೋಡಿ, ಮಗು ಎಲ್ಲಿ ಏನನ್ನು ಸೂಚಿಸಿತು, ತಾಯಿ ಅದಕ್ಕೆ ಹೇಗೆ ಓಗೊಡಬಹುದು ಎಂದು ಮಾತನಾಡಿದರು. ತಾಯಿತಂದೆಗಳು ಮಗುವಿನ ಸೂಚನೆಗೆ ಓಗೊಡುವುದು ಹೆಚ್ಚಿತು. ಮಗು ತಾನಾಗಿ ಮುಂದೆ ಬಂದು ಸಂಪರ್ಕ ಬೆಳೆಸುವುದೂ ಹೆಚ್ಚಿತು. ಗಡಿಯ ಎರಡು ಕಡೆಯ ತಾಯಂದಿರೂ ಒಂದೇ ಪಾಠ ಕಲಿತರು.

ನಮ್ಮಲ್ಲಿ ಅಂಥ ಕಾರ್ಯಕರ್ತರಿಲ್ಲವೇ? ಅಂಗನವಾಡಿ ಕಾರ್ಯಕರ್ತೆ ಇದ್ದಾರೆ, ಆಶಾ ಇದ್ದಾರೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಸ್ವತಃ ವಿಕಲಚೇತನರು; ಯಾರ ಮನೆಯಲ್ಲಿ ಎಂಥ ಮಗುವಿದೆಯೆಂದು ಬಲ್ಲವರು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ತಜ್ಞರ ಕೆಲಸವನ್ನೆಲ್ಲ ಗೌರವಧನದ ಮೇಲೆ ದುಡಿಯುವ ಹೆಣ್ಣುಮಕ್ಕಳ ತಲೆಗೆ ಕಟ್ಟಿ, ತೆರಪಿಸ್ಟ್ ಬೇಕಿಲ್ಲವೆಂದು ಸರ್ಕಾರ ಹೇಳುವಂತಾಗಬಾರದು. ಮಗುವನ್ನು ಅಳೆದು ನೋಡಬೇಕಾದವರು, ಕ್ರಮ ಹಾಕಿಕೊಡಬೇಕಾದವರು, ತಪ್ಪಿದಲ್ಲಿ ತಿದ್ದಬೇಕಾದವರು ತಜ್ಞರು. ಕಾರ್ಯಕರ್ತೆಗೆ ಈ ಕೆಲಸ ಕೊಡುವುದಾದರೆ ತರಬೇತಿ ಕೊಡಿ, ಆ ಕೆಲಸಕ್ಕೆ ಪ್ರತ್ಯೇಕ ವೇತನ ಕೊಡಿ. ಬಿಟ್ಟಿ ದುಡಿಮೆಯ ಮೇಲೆ ಯಾವ ಒಳ್ಳೆಯ ಕೆಲಸವೂ ನಿಲ್ಲುವುದಿಲ್ಲ.

ಉಪಾಧ್ಯಾಯ ಮಿತ್ರರಿಗೆ ಎರಡು ಮಾತು. ಕನ್ನಡದ ಅಕ್ಷರಮಾಲೆ ಸುಮಾರು ಐವತ್ತು ಎನ್ನುತ್ತೇವೆ; ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದನ್ನು ಕಲಿಯುವ ಮಕ್ಕಳ ಬಗ್ಗೆ ಡಾ. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ತೊಂದರೆಯಿಲ್ಲದ ಮಕ್ಕಳಿಗೂ ಇವು ಪೂರ್ತಿ ಕೈವಶವಾಗಲು ನಾಲ್ಕನೆಯ ತರಗತಿಯವರೆಗೆ ಕಾಲ ಹಿಡಿಯುತ್ತದೆ. ಹೀಗಿರುವಾಗ ಒಂದನೆಯ ತರಗತಿಯಲ್ಲಿಯೇ ಮಗುವನ್ನು ದಡ್ಡನೆಂದು ತೀರ್ಮಾನಿಸುವುದು ಅವಸರ. ಆದರೆ ಮೂರು ನಾಲ್ಕನೆಯ ತರಗತಿಯಲ್ಲೂ ಒತ್ತಕ್ಷರ ತಪ್ಪುತ್ತಿದ್ದು, ಬಾಯಿಯಲ್ಲಿ ಕೇಳಿದರೆ ಸರಿಯುತ್ತರ ಬರುತ್ತಿದ್ದರೆ ಪರೀಕ್ಷೆ ಮಾಡಿಸಿ. ಬಾಯಿಯಲ್ಲಿ ಉತ್ತರ ಹೇಳಲು ಬಿಡಿ, ಮುಂದಿನ ಬೆಂಚಿನಲ್ಲಿ ಕೂರಿಸಿ, ಕೆಲಸವನ್ನು ಸಣ್ಣ ತುಂಡು ಮಾಡಿ ಕೊಡಿ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಇಂಥ ಮಕ್ಕಳಿಗೆ ಹೆಚ್ಚಿನ ಸಮಯವೂ ಬರೆದುಕೊಡುವವರ ಸಹಾಯವೂ ಉಂಟು. ಅದಕ್ಕೆ ಕಾಗದಪತ್ರ ಮೊದಲೇ ಆಗಿರಬೇಕು.

ಇವೆಲ್ಲ ಯಾರ ದಯೆಯೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಶಾಸನ 21 ಬಗೆಯ ವೈಕಲ್ಯಗಳನ್ನು ಒಪ್ಪಿದೆ. ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕೆಯ ನ್ಯೂನತೆ ಮೂರೂ ಅದರಲ್ಲಿವೆ. ನೂರಕ್ಕೆ 40 ಅಥವಾ ಅದಕ್ಕೆ ಮೀರಿದ ವೈಕಲ್ಯವಿದೆಯೆಂದು ಪ್ರಮಾಣಪತ್ರವಾದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇದೆ. ಸರ್ಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗೆ ನೂರಕ್ಕೆ 4 ಮೀಸಲು. ಅದರಲ್ಲಿ ಈ ಮೂವರಿಗೂ ಪಾಲಿದೆ. 2021ರಲ್ಲಿ ಸುಪ್ರೀಂ ಕೋರ್ಟು ಇಂಥ ಮಕ್ಕಳಿಗೆ ಕೆಳಗಿನ ತರಗತಿಗಳಲ್ಲಿ 10ಕ್ಕೆ ಒಬ್ಬ, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂದಿತು. 2025ರಲ್ಲಿ ಹುದ್ದೆಗಳನ್ನು ಸೃಷ್ಟಿಸಿ ತುಂಬಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. 1999ರ ರಾಷ್ಟ್ರೀಯ ನ್ಯಾಸ ಶಾಸನದ ಕೆಳಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ, ತೆರಪಿಯ ಖರ್ಚೂ ಸೇರಿ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಬೆಳವಣಿಗೆಯ ವಿಳಂಬವನ್ನು ಗುರುತಿಸಬೇಕು. ಬಂದ ತಂಡ ತೂಕ ನೋಡಿ ಹೊರಡುವ ಮೊದಲು, ‘ಈ ಮಗು ಹೆಸರು ಕರೆದರೆ ತಿರುಗುವುದಿಲ್ಲ, ಬರೆದುಕೊಳ್ಳಿ’ ಎಂದು ನೀವು ಹೇಳಬೇಕು.

ಮೋಸದವರಿಂದಲೂ ದೂರವಿರಿ. ಹೊಲ ಅಡವಿಟ್ಟು ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸುವವರಿದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲಿಯೇ ಹೇಳಿದೆ. ‘ಮೂರು ತಿಂಗಳಲ್ಲಿ ಗುಣ’ ಎಂದು ಯಾರಾದರೂ ಹೇಳಿದರೆ, ವೈದ್ಯನಾಗಲಿ, ಮಂತ್ರವಾದಿಯಾಗಲಿ, ನಿಮ್ಮ ಚೀಲದ ಬಾಯಿ ಕಟ್ಟಿಕೊಂಡು ಮನೆಗೆ ಬನ್ನಿ.

ಕೊನೆಗೆ, ಪ್ರತಿಯೊಬ್ಬ ತಾಯಿತಂದೆಯ ಎದೆಯಲ್ಲಿರುವ ಪ್ರಶ್ನೆ: ನಾವು ಹೋದ ಮೇಲೆ ಈ ಮಗುವಿಗೆ ಯಾರು? ಹದಿನೆಂಟು ತುಂಬಿದವರಿಗೆ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸ್ಥಳೀಯ ಸಮಿತಿ ಇದೆ. ಅದು ಒಂದು ಕಾಗದದ ಉತ್ತರ. ನಿಜವಾದ ಉತ್ತರ, ಆ ಮಗು ಇಂದು ಏನನ್ನು ಕಲಿಯುತ್ತದೆ, ಊರು ಅದನ್ನು ಎಷ್ಟು ಬಲ್ಲುದು ಎಂಬುದರಲ್ಲಿದೆ. ತಾನೇ ಉಂಡು, ತಾನೇ ಉಟ್ಟು, ಬೇಕು ಬೇಡ ಎಂದು ಹೇಳಬಲ್ಲ ಮನುಷ್ಯನನ್ನು ಊರು ಸುಲಭವಾಗಿ ಸೇರಿಸಿಕೊಳ್ಳುತ್ತದೆ. ಆದರೆ ಎಷ್ಟು ಕಲಿಸಿದರೂ ಸ್ವಂತವಾಗಿ ಬದುಕಲಾರದವರೂ ಇದ್ದಾರೆ. ಅವರ ಹೊಣೆ ಒಬ್ಬ ತಾಯಿಯದಲ್ಲ, ಎಲ್ಲರದು.

ಆದುದರಿಂದ ನಮ್ಮ ಬೇಡಿಕೆಗಳು ಇಷ್ಟು:

ಒಂದು, ಅರಸೀಕೆರೆ ಮತ್ತು ಬೇಲೂರು ತಾಲ್ಲೂಕು ಆಸ್ಪತ್ರೆಗಳಲ್ಲಿ, ಹಳೇಬೀಡಿನ ಆಸ್ಪತ್ರೆಯಲ್ಲಿ, ವಾರದ ಗೊತ್ತಾದ ದಿನಗಳಂದು ವಾಕ್ ಚಿಕಿತ್ಸಕರೂ ಆಕ್ಯುಪೇಷನಲ್ ತೆರಪಿಸ್ಟರೂ ಕೂರಬೇಕು.

ಎರಡು, ಅಂಗನವಾಡಿ ಮತ್ತು ಪುನರ್ವಸತಿ ಕಾರ್ಯಕರ್ತರಿಗೆ ತರಬೇತಿ, ಆ ಕೆಲಸಕ್ಕೆ ವೇತನ.

ಮೂರು, ಕೋರ್ಟು ಹೇಳಿದ ಲೆಕ್ಕದಂತೆ ವಿಶೇಷ ಶಿಕ್ಷಕರು.

ನಾಲ್ಕು, ವೈಕಲ್ಯದ ಪ್ರಮಾಣಪತ್ರಕ್ಕೆ ಜನ ಅಲೆಯದಂತೆ ತಾಲ್ಲೂಕಿನಲ್ಲಿಯೇ ಶಿಬಿರ.

ಐದು, ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗಾಗಿ ಮೀಸಲಿಡಬೇಕಾದ ನೂರಕ್ಕೆ 5ರ ಹಣದಲ್ಲಿ ಒಂದು ಪಾಲು ತೆರಪಿಗೆ.

ಐದನೆಯದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಆ ನೂರಕ್ಕೆ 5 ಎಲ್ಲಿ ಖರ್ಚಾಯಿತೆಂದು ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಸಿ. ಒಬ್ಬರೇ ಹೋಗಬೇಡಿ, ನಿಮ್ಮಂತೆಯೇ ಮಗುವಿರುವ ಇನ್ನೊಂದು ಮನೆಯವರನ್ನು ಕರೆದುಕೊಂಡು ಹೋಗಿ. ಮಗುವನ್ನೂ ಕರೆದುಕೊಂಡು ಹೋಗಿ. ಅದೂ ಆ ಗ್ರಾಮದ ಪ್ರಜೆಯೇ.